ಗಂಡಸರ ಉಡುಪು ಮಾತ್ರ

"ಉಸಿರು ಬಿಡಿ. ಇದ್ದ ಹಾಗೇ ನಿಂತ್ಕೊಳ್ಳಿ," ಎಂದರು ಮಾಸ್ಟರು.

ಬ್ಯಾಂಕಿನ ಗುಮಾಸ್ತ ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಂಡು ಎದೆ ಮುಂದೆ ಮಾಡಿ ನಿಂತಿದ್ದ. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಟೇಪಿನ ಮುಂದೆ ಎಲ್ಲ ಗಂಡಸರೂ ಹೀಗೆಯೇ. ಅಳತೆ ಕೊಡುವವನು ಒಬ್ಬ, ಅಂಗಿ ತೊಡುವವನು ಇನ್ನೊಬ್ಬ, ಗುಂಡಿ ಹತ್ತುವುದಿಲ್ಲವೆಂದು ಜಗಳಕ್ಕೆ ಬರುವವನು ಮತ್ತೊಬ್ಬ. ಅದಕ್ಕೆಂದೇ ಮಾಸ್ಟರು ಯಾರೇ ಬರಲಿ, ಮೊದಲು ಈ ಮಾತು ಹೇಳಿ, ಹಿಡಿದ ಉಸಿರು ಹೊರಬರುವವರೆಗೆ ಟೇಪು ಕೈಯಲ್ಲಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದರು. ಎಷ್ಟೇ ಜಂಭದ ಮನುಷ್ಯನಾದರೂ ಕೊನೆಗೊಮ್ಮೆ ಉಸಿರು ಬಿಡಲೇಬೇಕಲ್ಲ.

ಹಾಗೆ ಕಾಯುತ್ತ ನಿಂತಾಗಲೇ ಅದು ಬಂತು. ಹೊಟ್ಟೆಯ ಮೇಲ್ಭಾಗದಲ್ಲಿ ಎಲ್ಲೋ ಹೊತ್ತಿಕೊಂಡ ಕಾವು ಎದೆಗೇರಿ, ಕುತ್ತಿಗೆಗೇರಿ, ಕಿವಿಯ ತುದಿಯವರೆಗೆ ಹಬ್ಬಿತು. ಮರುಗಳಿಗೆಗೆ ಹಣೆ, ಕತ್ತು, ಬೆನ್ನು ಎಲ್ಲ ಬೆವರು. ಕನ್ನಡಕ ಮಂಜಾಗಿ ಟೇಪಿನ ಅಂಕಿಗಳೇ ಕಾಣದಾದವು. ಮಾಸ್ಟರು ಕನ್ನಡಕ ಒರೆಸುವ ನೆಪದಲ್ಲಿ ಮುಖ ತಿರುಗಿಸಿದರು.

"ಏನ್ ಮಾಸ್ಟ್ರೇ, ಹುಷಾರಿಲ್ವಾ? ಮುಖ ಕೆಂಪಗಾಗಿದೆಯಲ್ಲ."

"ಏನಿಲ್ಲ. ಪಕ್ಕದಲ್ಲಿ ಇಸ್ತ್ರಿ ಅಂಗಡಿ. ಗೋಡೆ ಕಾದುಬಿಡುತ್ತೆ."

ಗುಮಾಸ್ತ ಹೂಂಗುಟ್ಟಿದ. ಇಸ್ತ್ರಿಯವನು ಆವತ್ತು ಅಂಗಡಿಯ ಬಾಗಿಲನ್ನೇ ತೆಗೆದಿರಲಿಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಮಾಸ್ಟರದು ಒಂದೇ ಕೋಣೆಯ ಅಂಗಡಿ. ಬಾಗಿಲ ಬಳಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಅಗಲ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಹೊರಗಿನ ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ 'ಗಂಡಸರ ಉಡುಪು ಮಾತ್ರ' ಎಂದು ಬರೆಸಿದ್ದರು. ಕಾಲರ್ ಕೂರಿಸುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ, ಮತ್ತು ಆ ಸಂಗತಿ ಅವರಿಗೆ ಕೊಂಚ ಹೆಚ್ಚಾಗಿಯೇ ಗೊತ್ತಿತ್ತು. ಹೆಂಗಸರ ಬಟ್ಟೆಯೆಂದರೆ ಮೂಗು ಮುರಿಯುತ್ತಿದ್ದರು. ಎದೆಯ ಉಬ್ಬಿಗೆ ಬಟ್ಟೆ ಸರಿಯಾಗಿ ಕೂರಲೆಂದು ಒಳಗಡೆ ಹಿಡಿಯುವ ಚೂಪು ಮಡಿಕೆ ಇದೆಯಲ್ಲ, ಟೇಲರುಗಳು ಡಾಟು ಅನ್ನುತ್ತಾರೆ, ಅದನ್ನು ಹಿಡಿಯುವುದು ಅವರಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಅದು ತಮ್ಮ ಕೆಲಸವೇ ಅಲ್ಲ ಎಂದು ಬೋರ್ಡು ಹಾಕಿಸಿದ್ದರು.

ಮದುವೆಯಾದ ಹೊಸತರಲ್ಲಿ ಹೆಂಡತಿ ಸಣ್ಣ ಹೂವಿನ ಚಿತ್ತಾರದ ಬಟ್ಟೆಯೊಂದನ್ನು ತಂದು, ನನಗೊಂದು ಅಂಗಿ ಹೊಲಿದುಕೊಡಿ ಎಂದು ಕೇಳಿದ್ದಳು. ಮಾಸ್ಟರು ಮಾತಾಡದೆ ಬೋರ್ಡಿನ ಕಡೆ ಬೆರಳು ತೋರಿಸಿ ನಕ್ಕಿದ್ದರು. ಅವಳೂ ನಕ್ಕಳು. ಹಿಂದಿನ ಬೀದಿಯ ಹೆಂಗಸರ ಟೇಲರಿಗೆ ಕೊಟ್ಟು ಹೊಲಿಸಿಕೊಂಡಳು. ಅಂಗಿ ಚೆನ್ನಾಗಿಯೇ ಆಗಿತ್ತು. ಮತ್ತೆಂದೂ ಅವಳು ಆ ಮಾತು ಎತ್ತಲಿಲ್ಲ.

ಆದರೆ ಮಾಸ್ಟರು ಹೊಲಿದ ಪ್ರತಿಯೊಂದು ಅಂಗಿಯೂ ಅವಳ ಕೈ ದಾಟಿಯೇ ಗಿರಾಕಿಗೆ ಹೋಗುತ್ತಿತ್ತು. ಯಂತ್ರದ ಕೆಲಸ ಅವರದು, ಕೈಕೆಲಸ ಅವಳದು. ಮನೆಯ ಕಿಟಕಿಯ ಪಕ್ಕ ಕೂತು, ಎಡಗಡೆಯ ಪಟ್ಟಿಗೆ ಕಾಜ ಮಾಡಿ, ಬಲಗಡೆಯದಕ್ಕೆ ಗುಂಡಿ ಹಚ್ಚುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಅವಳು ದಾರ ಸುತ್ತುವ ಚಂದಕ್ಕೆ, ಅಂಗಿ ಹರಿದರೂ ಕಾಜ ಹರಿಯದು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಮಕ್ಕಳಿಲ್ಲದ ಮನೆ. ಇಬ್ಬರ ಮಾತುಕತೆಯೂ ಹೆಚ್ಚಾಗಿ ಕೊರಳು, ತೋಳು, ಅಂಚುಗಳ ಮೂಲಕವೇ ನಡೆಯುತ್ತಿತ್ತು. ಯಾವುದಾದರೂ ಅಂಗಿಯನ್ನು ಅವಳು ಎರಡು ಸಲ ಒದರಿ ಮಡಿಸಿದರೆ ಆ ದಿನ ಅವಳಿಗೆ ಏನೋ ಬೇಜಾರು ಎಂದು ಮಾಸ್ಟರಿಗೆ ತಿಳಿಯುತ್ತಿತ್ತು.

ಮೂತ್ರ ಕಟ್ಟಿಕೊಂಡು ಪ್ರಾಣ ಹೋದ ಹಾಗಾದಾಗ ಮಾಸ್ಟರು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಪರೀಕ್ಷೆ, ಮತ್ತೆ ಪರೀಕ್ಷೆ, ಕೊನೆಗೆ ಡಾಕ್ಟರು ಎದುರು ಕೂರಿಸಿಕೊಂಡು ಹೇಳಿದರು. ಮೂತ್ರಚೀಲದ ಕೆಳಗೆ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ, ಅದಕ್ಕೆ ಕ್ಯಾನ್ಸರು. ಬೆನ್ನುಮೂಳೆಗೂ ಒಂದು ಚುಕ್ಕೆ ತಾಗಿದೆ. ಬೇರುಸಮೇತ ಕೀಳಲಾಗದು, ಆದರೆ ವರ್ಷಗಟ್ಟಲೆ ಮಲಗಿಸಿಡಬಹುದು.

"ಗಂಡಸಿನ ಮೈಯಲ್ಲಿರೋ ಹಾರ್ಮೋನೇ ಇದಕ್ಕೆ ಊಟ," ಎಂದರು ಡಾಕ್ಟರು. "ಆ ಊಟ ನಿಲ್ಲಿಸಿಬಿಡ್ತೀವಿ. ಮೂರು ತಿಂಗಳಿಗೊಂದು ಇಂಜೆಕ್ಷನ್, ಜೊತೆಗೆ ದಿನಾ ಒಂದು ಮಾತ್ರೆ."

ಊಟ ನಿಲ್ಲಿಸಿದರೆ ಮನೆಯ ಯಜಮಾನನೂ ಉಪವಾಸ ಬೀಳುತ್ತಾನೆ ಎನ್ನುವುದನ್ನು ಡಾಕ್ಟರು ಮುಚ್ಚಿಡಲಿಲ್ಲ. ಇದ್ದಕ್ಕಿದ್ದ ಹಾಗೆ ಮೈ ಕಾವೇರಬಹುದು. ಆಸೆ ಬತ್ತಬಹುದು. ಮೂಳೆ ಸವೆಯಬಹುದು, ಸುಮ್ಮಸುಮ್ಮನೆ ಅಳು ಬರಬಹುದು, ಎದೆ ಊದಿ ನೋಯಬಹುದು. ಒಂದೊಂದಕ್ಕೂ ಏನಾದರೂ ಪರಿಹಾರವಿದೆ, ಮುಚ್ಚಿಟ್ಟುಕೊಳ್ಳದೆ ಹೇಳಬೇಕು ಎಂದರು. ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಬನ್ನಿ, ಇಬ್ಬರೂ ತಿಳಿದುಕೊಂಡರೆ ಒಳ್ಳೆಯದು ಎಂದರು. ಮಾಸ್ಟರು ತಲೆಯಾಡಿಸಿ, ಅವಳು ಊರಲ್ಲಿಲ್ಲ ಎಂದುಬಿಟ್ಟರು. ಅವಳು ಆ ಹೊತ್ತಿಗೆ ಮನೆಯಲ್ಲಿ ಕೂತು ಕಾಜ ಮಾಡುತ್ತಿದ್ದಳು.

ಅವಳಿಗೆ ಅವರು ಹೇಳಿದ್ದು ಇಷ್ಟೇ: ಮೂತ್ರದ ತೊಂದರೆ, ವಯಸ್ಸಾದವರಿಗೆ ಆಗುತ್ತೆ, ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯನ್ನು ಅಂಗಡಿಯಲ್ಲೇ ಇಟ್ಟುಕೊಂಡರು.

ಕಾವನ್ನು ಗೋಡೆಯ ಮೇಲೆ ಹಾಕಬಹುದು. ಅಳುವನ್ನು ನೂಲಿನ ಧೂಳಿನ ಮೇಲೆ ಹಾಕಬಹುದು. ಎದೆಯನ್ನು ಏನು ಮಾಡುವುದು? ಮೊದಲು ಒಂದು ಕಡೆ ಬಟಾಣಿಯಷ್ಟು ಗಟ್ಟಿಯಾಯಿತು, ಆಮೇಲೆ ಇನ್ನೊಂದು ಕಡೆ. ನೋಡನೋಡುತ್ತ ಎರಡೂ ಕಡೆ ಮೆತ್ತಗೆ ಉಬ್ಬಿ ನಿಂತವು. ಅಂಗಿಯ ಬಟ್ಟೆ ತಾಗಿದರೆ ಸಾಕು, ಸೂಜಿ ಚುಚ್ಚಿದ ಹಾಗೆ. ಅಂಗಡಿಗೆ ಬೀಗ ಹಾಕುವ ಮುಂಚೆ ಮಾಸ್ಟರು ಕನ್ನಡಿಯ ಮುಂದೆ ನಿಂತು ತಮ್ಮ ಎದೆಗೆ ತಾವೇ ಟೇಪು ಸುತ್ತಿ ನೋಡಿಕೊಂಡರು. ಟೇಲರಿಗೆ ಎಲ್ಲರ ಅಳತೆ ತೆಗೆಯಲು ಬರುತ್ತದೆ, ತನ್ನದನ್ನು ಬಿಟ್ಟು. ಬೆನ್ನ ಹಿಂದೆ ಟೇಪು ಜಾರಿ ಕೆಳಗೆ ಹೋಗುತ್ತಿತ್ತು. ಒಂದೊಂದು ಸಲಕ್ಕೆ ಒಂದೊಂದು ಅಂಕಿ ಬಂತು, ಆದರೆ ಎಲ್ಲವೂ ಹಳೆಯದಕ್ಕಿಂತ ಹೆಚ್ಚೇ ಇದ್ದವು.

ಮೊದಲಿಗೆ ತಮ್ಮ ಅಂಗಿಗಳನ್ನು ಸಡಿಲವಾಗಿ ಹೊಲಿದುಕೊಂಡರು. ಆದರೂ ಇಸ್ತ್ರಿಯವನು ಒಂದು ದಿನ, ಮಾಸ್ಟ್ರು ಈಚೆಗೆ ಮೈ ಕೈ ತುಂಬಿಕೊಂಡಿದ್ದಾರೆ, ಮನೆ ಊಟ ಜೋರಾಗಿದೆ ಎಂದು ನಕ್ಕ. ಅವನ ಕಣ್ಣು ಎಲ್ಲಿ ನಿಂತಿತ್ತೆಂದು ಮಾಸ್ಟರು ಗಮನಿಸಿದರು. ಅಂದೇ ಒಂದು ಬಿಗಿಯಾದ ಒಳಂಗಿ ಹೊಲಿದುಕೊಳ್ಳಲು ನಿರ್ಧಾರ ಮಾಡಿದರು. ನೆಟ್ಟಗೆ ಕತ್ತರಿಸಿ ಹೊಲಿದದ್ದು ಮೇಲಕ್ಕೆ ಸರಿದು ಉಜ್ಜಿ, ನೋವು ಇಮ್ಮಡಿಯಾಯಿತು. ಇನ್ನೊಂದು ಹೊಲಿದರು, ಅದೂ ಹಾಗೆಯೇ. ಡಾಟು ಹಿಡಿಯದೆ ಗತಿಯಿಲ್ಲ ಎನ್ನುವುದು ಅವರಿಗೆ ಆಗಲೇ ಗೊತ್ತಾಗಿತ್ತು, ಒಪ್ಪಿಕೊಳ್ಳಲು ಇನ್ನಷ್ಟು ಬಟ್ಟೆ ಹಾಳಾಗಬೇಕಾಯಿತು. ಕೊನೆಗೆ ಮನೆಯ ಪೆಟ್ಟಿಗೆಯ ತಳದಿಂದ ಹೆಂಡತಿಯ ಹಳೆಯ ಹೂವಿನ ಅಂಗಿಯನ್ನು ಅವಳಿಗೆ ತಿಳಿಯದಂತೆ ತಂದು, ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಅದರ ಡಾಟನ್ನು ಬಿಚ್ಚಿ ಹರಡಿ, ಹಿಂದಿನ ಬೀದಿಯ ಟೇಲರು ಅದನ್ನು ಹೇಗೆ ಹಿಡಿದಿದ್ದಾನೆಂದು ಕಲಿತರು. ಕಾಜವನ್ನೂ ತಾವೇ ಮಾಡಿಕೊಂಡರು. ಬೇರೆ ಯಾರ ಕೈಗೆ ಕೊಡುವಂತಿತ್ತು?

ಇದೆಲ್ಲಕ್ಕಿಂತ ದೊಡ್ಡ ಪೇಚಾಟ ಇನ್ನೊಂದಿತ್ತು. ಹೆಂಡತಿಗೆ ಮದುವೆಯಾದಾಗಿನಿಂದ ಒಂದು ಅಭ್ಯಾಸ, ನಿದ್ದೆ ಹತ್ತಿದ ಮೇಲೆ ಅವಳ ಕೈ ತಾನಾಗಿ ಬಂದು ಅವರ ಎದೆಯ ಮೇಲೆ ಬೀಳುತ್ತಿತ್ತು. ಅವಳಿಗೆ ಅದು ಗೊತ್ತೂ ಇರಲಿಲ್ಲವೇನೋ. ಮಾಸ್ಟರು ಬೆನ್ನು ನೋವಿಗೆ ಗಟ್ಟಿ ನೆಲ ಬೇಕೆಂದು ಹೇಳಿ ಚಾಪೆ ಎತ್ತಿಕೊಂಡು ಹೊರಕೋಣೆಗೆ ಬಂದರು. ಮಂಚದ ಮೇಲೆ ಅವರ ದಿಂಬು ಮಾತ್ರ ಉಳಿಯಿತು. ಅವಳು ಏನೂ ಕೇಳಲಿಲ್ಲ. ಆ ವಾರ ಅಂಗಿಗಳನ್ನೆಲ್ಲ ಎರಡೆರಡು ಸಲ ಒದರಿ ಮಡಿಸಿದಳು.

ಮೂರು ತಿಂಗಳ ಇಂಜೆಕ್ಷನ್ನಿಗೆ ಹೋದ ದಿನ ನರ್ಸಮ್ಮ ಹೊಟ್ಟೆಯ ಚರ್ಮ ಹಿಡಿದು ಸೂಜಿ ಹಾಕುತ್ತ, ಎದೆ ನೋವೇನಾದರೂ ಇದೆಯಾ, ಇದ್ದರೆ ಹೇಳಿ, ಅದಕ್ಕೂ ಔಷಧಿ ಇದೆ ಎಂದಳು. ಏನಿಲ್ಲ ಎಂದರು ಮಾಸ್ಟರು. ಅಂಗಿಯ ಒಳಗೆ ಡಾಟು ಹಿಡಿದ ಒಳಂಗಿ ಬಿಗಿದು ಕೂತಿತ್ತು. ಒಗೆದು ಬದಲಿಸಲೆಂದು ಹೊಲಿದ ಇನ್ನೊಂದು ಅಂಗಡಿಯ ಮೇಜಿನ ಖಾನೆಯಲ್ಲಿ, ಬಿಚ್ಚಿದ ಹೂವಿನ ಅಂಗಿಯ ಪಕ್ಕದಲ್ಲಿ ಇತ್ತು.

ಅಂದು ಮನೆಯಲ್ಲಿ ಬಿಳಿ ದಾರ ಮುಗಿದು, ಹೆಂಡತಿ ಇನ್ನೊಂದು ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಬಂದಿದ್ದಳು. ದಾರ ಹುಡುಕಲು ಖಾನೆ ಎಳೆದಳು.

ಮಾಸ್ಟರು ಮನೆಗೆ ಬಂದಾಗ ಊಟದ ಮೇಜಿನ ಮೇಲೆ, ತಟ್ಟೆ ಇಡುವ ಜಾಗದಲ್ಲಿ, ಒಳಂಗಿ ಅಂಗಾತ ಹರಡಿಕೊಂಡಿತ್ತು. ಎರಡು ಡಾಟುಗಳೂ ಎದ್ದು ಕಾಣುತ್ತಿದ್ದವು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಯಾರಿಗೆ ಇದು?"

ಮಾಸ್ಟರಿಗೆ ಮೊದಲು ಅರ್ಥವಾಗಲಿಲ್ಲ.

"ನಾನು ಒಂದೇ ಒಂದು ಸಲ ಕೇಳಿದೆ. ಬೋರ್ಡ್ ತೋರಿಸಿದ್ರಿ. ಈಗ ಯಾರಿಗೆ ಡಾಟು ಹಿಡಿದು ಹೊಲೀತಿದ್ದೀರಿ? ಅದೂ ನನ್ನ ಅಂಗಿ ಬಿಚ್ಚಿ?"

ಆಮೇಲೆ ಅವಳು ಒಂದೊಂದನ್ನೇ ಹೇಳುತ್ತ ಹೋದಳು, ದನಿ ಏರಿಸದೆ. ಹಾಸಿಗೆ ಬಿಟ್ಟು ಹೊರಗೆ ಮಲಗುವುದು. ಹೊಸ ಹೊಸ ಅಂಗಿ. ದಿನಕ್ಕೆ ಎರಡು ಸಲ ಸ್ನಾನ, ಮೇಲೆ ಪೌಡರು. ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿ ಹೊತ್ತಾದ ಮೇಲೆ ಬರುವುದು, ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳುವುದು. ಮಾಸ್ಟರು ಕೇಳುತ್ತ ನಿಂತರು. ಪ್ರತಿಯೊಂದೂ ನಿಜ. ಎಲ್ಲ ಸೇರಿಸಿ ಅವಳು ಹೊಲಿದ ಕಥೆ ಎಲ್ಲೂ ಬಿಗಿಯಾಗದೆ, ಎಲ್ಲೂ ಸಡಿಲವಾಗದೆ ಕೂತಿತ್ತು.

ಆಗ ಹೇಳಿಬಿಡಬಹುದಿತ್ತು. ಅಂಗಿಯ ಗುಂಡಿ ಬಿಚ್ಚಿ ತೋರಿಸಿದ್ದರೆ ಮಾತೇ ಬೇಕಿರಲಿಲ್ಲ. ಕೈ ಗುಂಡಿಯವರೆಗೂ ಹೋಯಿತು. ಆದರೆ ಮಾಸ್ಟರೊಳಗೆ, ಆ ಇಂಜೆಕ್ಷನ್ನಿಗೂ ಸಾಯದೆ ಉಳಿದಿದ್ದ ಯಾವುದೋ ಹುಂಜ ಒಂದು ಸಲ ಕತ್ತೆತ್ತಿತು. ಇವಳು ನನ್ನ ಕೈಲಿ ಅದಾಗುತ್ತೆ ಅಂದುಕೊಂಡಿದ್ದಾಳೆ. ಈ ವಯಸ್ಸಿನಲ್ಲಿ ಗಂಡ ದಾರಿ ತಪ್ಪಿದ್ದಾನೆ ಎಂದು ನಂಬಿ ಸಿಟ್ಟಾಗಿದ್ದಾಳೆ. ಆ ಸಿಟ್ಟಿನಲ್ಲಿ ಅವರು ಇನ್ನೂ ಗಂಡಸಾಗಿದ್ದರು. ಗುಂಡಿ ಬಿಚ್ಚಿದರೆ ಏನಾಗಿ ಉಳಿಯುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾಚಿಕೆಗೇಡಿನ ಮಾತೇ ಸರಿ, ಆದರೆ ಅವರಿಗೆ ಆ ಕ್ಷಣ ಅನ್ನಿಸಿದ್ದು ಅದೇ.

"ನಿನಗ್ಯಾಕೆ ಅದೆಲ್ಲ," ಎಂದರು.

ಅವಳು ಮರುದಿನ ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಟಳು. ಒಳಂಗಿಯನ್ನೂ ಜೊತೆಗೆ ಒಯ್ದಳು. ಹೊರಡುವ ಮುಂಚೆ ಕಾಜವಾಗದೆ ಉಳಿದಿದ್ದ ಅಂಗಿಗಳನ್ನು ಒದರದೆ, ಮಡಿಸದೆ, ಹಾಗೇ ಕುರ್ಚಿಯ ಮೇಲೆ ಹಾಕಿಹೋದಳು.

ಆ ಮೇಲಿನ ದಿನಗಳು ಮಾಸ್ಟರಿಗೆ ಬಹಳ ಉದ್ದವಾದವು. ಬೆಳಿಗ್ಗೆ ಬಾಗಿಲು ತೆರೆದು ಯಂತ್ರದ ಮುಂದೆ ಕೂರುತ್ತಿದ್ದರು. ಮಧ್ಯಾಹ್ನ ಮೇಜಿನ ಮೇಲೇ ಒಂದು ಬ್ರೆಡ್ಡು ತಿಂದು, ಮಾತ್ರೆ ನುಂಗಿ, ಮತ್ತೆ ಯಂತ್ರ. ಸಂಜೆ ಮನೆಯ ಬೀಗ ತೆಗೆದರೆ ಒಳಗೆ ಬೆಳಿಗ್ಗೆ ಬಿಟ್ಟುಹೋದ ಗಾಳಿಯೇ ಇರುತ್ತಿತ್ತು. ಮಂಚದ ಮೇಲೆ ಮಲಗಲು ಈಗ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಚಾಪೆಯ ಮೇಲೇ ಮಲಗಿದರು.

ಬೀದಿಗೆ ಸುದ್ದಿ ಹೇಗೋ ಮುಟ್ಟಿತ್ತು. ಇಸ್ತ್ರಿಯವನು ಕಣ್ಣು ಮಿಟುಕಿಸಿ, ಏನ್ ಮಾಸ್ಟ್ರೇ, ಬೋರ್ಡ್ ಬದಲಾಯಿಸೋದು ಯಾವಾಗ ಎಂದು ಕೇಳಿದ. ಮಾಸ್ಟರು ಮೀಸೆಯಲ್ಲೇ ನಕ್ಕು ಒಳಗೆ ಬಂದರು. ಗಿರಾಕಿಗಳಲ್ಲೂ ಕೆಲವರು ಒಂಥರಾ ಗೌರವದಿಂದ ನೋಡುತ್ತಿದ್ದ ಹಾಗೆ ಕಂಡಿತು. ಮೊದಮೊದಲು ಅದು ಹಿತವಾಗಿಯೇ ಇತ್ತು. ಇಲ್ಲದ ಆ ಹೆಂಗಸನ್ನು ಮಾಸ್ಟರು ಕೆಲಸದ ನಡುವೆ ಆಗಾಗ ಊಹಿಸಿಕೊಳ್ಳುತ್ತಿದ್ದರು. ಎತ್ತರ ಎಷ್ಟು, ಭುಜ ಹೇಗೆ, ನಗುತ್ತಾಳೋ ಇಲ್ಲವೋ. ಎಷ್ಟು ಪ್ರಯತ್ನಪಟ್ಟರೂ ಅವಳಿಗೊಂದು ಮುಖ ಬರಲಿಲ್ಲ. ಅಳತೆ ಮಾತ್ರ ಗೊತ್ತಿತ್ತು, ಅದು ತಮ್ಮದೇ. ಆಮೇಲೆ ಊಹಿಸುವುದನ್ನೂ ಬಿಟ್ಟರು.

ಕಾಜ ಮಾಡುವುದು ಈಗ ಅವರ ತಲೆಗೇ ಬಿತ್ತು. ಸೂಜಿ ಹಿಡಿದರೆ ಬೆರಳು ಬೆವರಿ ಜಾರುತ್ತಿತ್ತು. ಒಂದು ದಿನ ಬ್ಯಾಂಕಿನ ಗುಮಾಸ್ತನ ಅಂಗಿಯ ಕೊನೆಯ ಕಾಜ ಮಾಡುತ್ತಿದ್ದಾಗ ದಾರ ಗಂಟು ಬಿದ್ದು, ಬಿಡಿಸಲು ಹೋಗಿ ಸೀಳು ಹರಿಯಿತು. ಅಷ್ಟಕ್ಕೇ ಅವರಿಗೆ ಅಳು ಬಂತು. ಔಷಧಿಯಿಂದ ಬಂದದ್ದೋ ತಾನಾಗಿ ಬಂದದ್ದೋ ಎಂದು ತಿಳಿಯಲು ಯಾವ ದಾರಿಯೂ ಇರಲಿಲ್ಲ. ಹರಿದ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ರಸ್ತೆಯ ಕಡೆ ಬೆನ್ನು ಮಾಡಿ, ಬಿಕ್ಕಿ ಬಿಕ್ಕಿ ಅತ್ತರು. ಇಸ್ತ್ರಿಯವನು ಬಾಗಿಲಿಗೆ ಬಂದವನು ನೋಡಿ, ಹಿಂದಕ್ಕೆ ಹೋದ. ಅಂದಿನಿಂದ ಅವನು ಬೋರ್ಡಿನ ತಮಾಷೆ ಮಾಡಲಿಲ್ಲ. ಮಾಸ್ಟರಿಗೆ ಅದೂ ಬೇಸರವೇ ಆಯಿತು, ಬೇರೆ ಯಾರೂ ಮಾತಾಡಿಸುವವರಿರಲಿಲ್ಲ.

ಅಕ್ಕನ ಮನೆಗೆ ಹೋಗಿ ಕರೆದು ತರುವುದೆಂದು ಎಷ್ಟೋ ಸಲ ಬಾಗಿಲು ಎಳೆದರು. ಹೋಗಿ ಏನು ಹೇಳುವುದು? ಆ ಹೆಂಗಸು ಇಲ್ಲ ಎಂದರೆ, ಹಾಗಾದರೆ ಒಳಂಗಿ ಯಾರದು ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತಿತ್ತು. ಎಳೆದ ಬಾಗಿಲನ್ನು ಮತ್ತೆ ತೆರೆದು ಕೂರುತ್ತಿದ್ದರು.

ಅವಳೇ ಬಂದಳು. ಊಟದ ಹೊತ್ತು, ಬೀದಿ ಖಾಲಿಯಾಗಿತ್ತು. ಒಳಗೆ ಬಂದವಳು ಕೈಚೀಲವನ್ನು ಮೇಜಿನ ಮೇಲಿಟ್ಟು, ಅಂಗಡಿಯ ಬಾಗಿಲನ್ನು ತಾನೇ ಅರ್ಧ ಎಳೆದಳು. ಚೀಲದಿಂದ ಒಳಂಗಿ ತೆಗೆದು ಮಾಸ್ಟರ ಮುಂದೆ ಹರಡಿದಳು. ಬೆಂಚಿನ ಮೇಲೆ ಕೂತು ಬರಿಗೈಯಿಂದಲೇ ಮುಖದ ಬೆವರು ಒರೆಸಿಕೊಂಡಳು. ಮಾಸ್ಟರು ಕತ್ತರಿ ಕೆಳಗಿಟ್ಟರು.

"ಕಾಜ ತುಂಬ ಕೆಟ್ಟದಾಗಿ ಮಾಡಿದ್ರಿ," ಎಂದಳು.

"ಹೂಂ."

"ಆವತ್ತು ನಾನು ಅದನ್ನೇ ನೋಡಿದೆ. ನನ್ನ ಕೈಗೆ ಕೊಡೋಕೆ ಮುಖ ಇಲ್ಲದೆ ತಾವೇ ಮಾಡಿದ್ದಾರೆ ಅಂತ ಸಿಟ್ಟು ಬಂತು. ಕೆಟ್ಟದಾಗಿದೆ ಅಂತ ನೋಡಿದೆ, ಯಾವ ಕಡೆ ಇದೆ ಅಂತ ನೋಡಲೇ ಇಲ್ಲ."

ಮಾಸ್ಟರ ಕಣ್ಣು ಒಳಂಗಿಯ ಮೇಲೆ ಬಿತ್ತು. ಕಾಜ ಎಡಗಡೆಯ ಪಟ್ಟಿಯಲ್ಲಿತ್ತು. ಗುಂಡಿ ಬಲಗಡೆ. ಹೆಂಗಸರ ಅಂಗಿಗೆ ಇದು ತಿರುವುಮುರುವಾಗಿರುತ್ತದೆ ಎಂದು ಹಿಂದಿನ ಬೀದಿಯ ಟೇಲರಲ್ಲಿ ಕೆಲಸ ಕಲಿಯುವವರಿಗೂ ಗೊತ್ತು. ಡಾಟು ಕಲಿತ ಮಾಸ್ಟರ ಕೈ ಇದೊಂದನ್ನು ಮಾತ್ರ ಅಭ್ಯಾಸಬಲದಿಂದ ತನ್ನ ಪಾಡಿಗೆ ಮಾಡಿ ಮುಗಿಸಿತ್ತು.

"ಅಕ್ಕನಿಗೆ ತೋರಿಸೋಣ ಅಂತ ತೆಗೆದೆ," ಎಂದಳು ಅವಳು. "ತೋರಿಸಲಿಲ್ಲ. ಭುಜ ನೋಡಿದೆ. ಎಡಗಡೆ ಇಳಿಸಿ ಕತ್ತರಿಸಿದ್ದೀರಿ. ಇಷ್ಟು ವರ್ಷ ನಿಮ್ಮ ಆ ಇಳಿಭುಜದ ಅಂಗಿಗೆ ಗುಂಡಿ ಹಚ್ಚಿದ್ದೀನಿ, ನನಗೆ ಗೊತ್ತಾಗಲ್ವಾ?"

ಮಾಸ್ಟರ ಎಡಭುಜ ತಾನಾಗಿ ಇನ್ನಷ್ಟು ಕೆಳಗಿಳಿದ ಹಾಗಾಯಿತು.

"ಮೂತ್ರದ ತೊಂದರೆ ಅಂದಿದ್ರಲ್ಲ. ಏನದು?"

ಅವರು ಹೇಳಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಗ್ರಂಥಿ, ಬೆನ್ನುಮೂಳೆಯ ಚುಕ್ಕೆ, ಇಂಜೆಕ್ಷನ್, ಮಾತ್ರೆ, ಕಾವು. ಎದೆಯ ವಿಷಯ ಬಂದಾಗ ಮಾತು ನಿಂತು, ಒಳಂಗಿಯ ಕಡೆ ಕೈ ತೋರಿಸಿದರು.

"ಕ್ಯಾನ್ಸರ್ ಬಂದಿದೆ ಅಂತ ಹೇಳೋದು ಕಷ್ಟವಾಗಿ, ಇನ್ನೊಬ್ಬಳಿದ್ದಾಳೆ ಅಂತ ನಂಬಿಸಿದ್ರಾ?"

"ನಾನು ನಂಬಿಸಲಿಲ್ಲ. ನೀನೇ..." ಎಂದರು ಮಾಸ್ಟರು.

ಹೊರಗೆ ಯಾರೋ ಬಂದು, ಅರ್ಧ ಎಳೆದ ಬಾಗಿಲು ನೋಡಿ ಹೊರಟುಹೋದರು. ಅಷ್ಟರಲ್ಲಿ ಮಾಸ್ಟರಿಗೆ ಕಾವು ಏರಿತು. ಮುಖ ಕೆಂಪಾಗಿ, ಬೆವರು ಕನ್ನಡಕದ ಮೇಲೆ ಇಳಿಯಿತು. ಇವಳ ಮುಂದೆ ಅದನ್ನು ಗೋಡೆಯ ಮೇಲೆ ಹಾಕುವ ಹಾಗಿರಲಿಲ್ಲ. ಅವಳು ಎದ್ದು, ಗಿರಾಕಿಗಳ ಬೆಂಚಿನ ಕಡೆ ತಿರುಗಿದ್ದ ಮೇಜಿನ ಫ್ಯಾನನ್ನು ಅವರ ಕಡೆ ತಿರುಗಿಸಿದಳು.

"ನನಗೂ ಹೀಗೇ ಆಗ್ತಿತ್ತು, ಮುಟ್ಟು ನಿಲ್ಲೋ ಹೊತ್ತಲ್ಲಿ," ಎಂದಳು ಫ್ಯಾನಿನ ಕಡೆಯೇ ನೋಡುತ್ತ. "ನಿಮಗೆ ಚಳಿ, ಫ್ಯಾನ್ ಬೇಡ ಅಂತಿದ್ರಿ. ನಾನು ಹೋಗಿ ಬಚ್ಚಲಲ್ಲಿ ಕೂರ್ತಿದ್ದೆ, ಕಲ್ಲು ತಣ್ಣಗಿರುತ್ತೆ ಅಂತ. ಡಾಕ್ಟರಮ್ಮ ಹಾರ್ಮೋನ್ ಮಾತ್ರೆ ಕೊಟ್ಟಿದ್ರು. ಕಾವು ನಿಲ್ತು. ಆಮೇಲೆ ಕಾಲು ಊದಿ ನೋವು ಬಂತು, ರಕ್ತ ಹೆಪ್ಪುಗಟ್ಟಿದೆ ಅಂತ ನಿಲ್ಲಿಸಿ ಬೇರೆ ಔಷಧಿ ಕೊಟ್ರು."

"ನೀನು ಹೇಳಲೇ ಇಲ್ಲ."

"ಕಾಲು ಎಳೆದುಕೊಂಡು ಓಡಾಡ್ತಿದ್ದೆ. ಕೇಳ್ತೀರೇನೋ ಅಂತ ಇದ್ದೆ."

ಮಾಸ್ಟರು ನೆನಪು ಮಾಡಿಕೊಳ್ಳಲು ನೋಡಿದರು. ಆ ವರ್ಷ ಯಾವ ಶಾಲೆಯ ಸಮವಸ್ತ್ರದ ಕೆಲಸ ಬಂದಿತ್ತೆಂಬುದು ನೆನಪಾಯಿತು, ಬಟ್ಟೆಯ ಬಣ್ಣವೂ ನೆನಪಾಯಿತು. ಅವಳ ಕಾಲು ನೆನಪಾಗಲಿಲ್ಲ. ಇಬ್ಬರೂ 'ಮೈ ಸರಿಯಿಲ್ಲ' ಎಂಬ ಒಂದೇ ಮಾತನ್ನು ಒಂದೇ ಮನೆಯ ಎರಡು ಮೂಲೆಯಲ್ಲಿ ಕೂತು ನುಂಗಿಕೊಂಡಿದ್ದರು.

"ನೋಯುತ್ತಾ?" ಎಂದು ಕೇಳಿದಳು ಅವಳು.

"ಮುಟ್ಟಿದ್ರೆ."

ಅವಳು ತಲೆಯಾಡಿಸಿ ಒಳಂಗಿಯನ್ನು ಎತ್ತಿ ಒಳಗಡೆ ತಿರುಗಿಸಿ ಹಿಡಿದಳು. ಆಗಲೇ ಮಾಸ್ಟರು ನೋಡಿದ್ದು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಕಂಕುಳಿಂದ ಸೊಂಟದವರೆಗೆ ಒಂದೊಂದು ಪಟ್ಟಿ ಸೇರಿಸಲಾಗಿತ್ತು. ಒಗೆದು ಒಗೆದು ಮೆತ್ತಗಾದ ನೂಲಿನ ಬಟ್ಟೆ, ಅಂಚಿನಲ್ಲಿ ಮಾಸಿದ ನೀಲಿ ಗೆರೆ. ಮಂಚದ ಮೇಲೆ ಉಳಿದಿದ್ದ ತಮ್ಮ ದಿಂಬಿನ ಚೀಲ ಅದು ಎಂದು ಗುರುತು ಹತ್ತಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅಂದರೆ ಅವಳು ಬೆಳಿಗ್ಗೆಯೇ ಮನೆಗೆ ಹೋಗಿ, ಅಲ್ಲಿ ಕೂತು ಹೊಲಿದು ಇಲ್ಲಿಗೆ ಬಂದಿದ್ದಳು. ಹೊಲಿಗೆಯೆಲ್ಲ ಕೈಯದು, ಒಳಗೆ ಎಲ್ಲೂ ಗಂಟು ಚುಚ್ಚದ ಹಾಗೆ. ಕಾಜಗಳನ್ನೂ ಬಿಚ್ಚಿ ಹೊಸದಾಗಿ ಮಾಡಿದ್ದಳು, ಎಡಗಡೆಯೇ.

"ಹೊಲಿಗೆಯ ಒಳಗೆ ಒಂದು ನೂಲಿನಷ್ಟೂ ಹೆಚ್ಚು ಬಟ್ಟೆ ಬಿಟ್ಟಿರಲಿಲ್ಲ ನೀವು," ಎಂದಳು. "ಗಿರಾಕಿಗಳಿಗೆಲ್ಲ ಬಿಡ್ತೀರಿ, ಮೈ ಬದಲಾಗುತ್ತೆ ಅಂತ."

ಮಾಸ್ಟರು ಆ ಪಟ್ಟಿಯ ಮೇಲೆ ಬೆರಳಾಡಿಸಿದರು. ಅವಳು ಮುಂದಿನ ಸಲ ಆಸ್ಪತ್ರೆಗೆ ತಾನೂ ಬರುವುದಾಗಿ ಹೇಳಿದಳು. ಅವರು ಬೇಡವೆನ್ನಲಿಲ್ಲ. ಸಿಟ್ಟು ಹೋಗಿದೆಯೇ ಎಂದು ಅವಳ ಮುಖ ನೋಡಿದರೆ, ಹೋಗಿರಲಿಲ್ಲ. ಎಲ್ಲೋ ಹಳೆಯ ಜಾಗಕ್ಕೆ ಸರಿದು ಕೂತಿತ್ತು, ಇವರ ಕಾಯಿಲೆಗಿಂತ ಮೊದಲಿನಿಂದ ಅಲ್ಲೇ ಇದ್ದ ಹಾಗೆ.

ಅವಳು ಕೈಚೀಲಕ್ಕೆ ಮತ್ತೆ ಕೈ ಹಾಕಿ ಇನ್ನೊಂದು ಗಂಟು ತೆಗೆದಳು. ಹೊಸ ಬಟ್ಟೆ, ತೆಳು ಹಳದಿ, ಮೇಲೆ ಸಣ್ಣ ಹೂವು. ಮೇಜಿನ ಮೇಲೆ ಇಟ್ಟು ಮಡಿಕೆಯನ್ನು ಅಂಗೈಯಿಂದ ಸವರಿದಳು.

"ಡಾಟು ಹಿಡಿಯೋದು ಬರುತ್ತಲ್ಲ ಈಗ," ಎಂದಳು.

ಮಾಸ್ಟರು ಬಾಗಿಲಾಚೆ ನೋಡಿದರು. ಅಲ್ಲಿಂದ ಬೋರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು, ತುಕ್ಕು ಹಿಡಿದ ತಗಡು. ಕೊರಳಿನಿಂದ ಟೇಪು ತೆಗೆದರು. ಅವಳು ಎದ್ದು ಹೋಗಿ ಕನ್ನಡಿಯ ಮುಂದೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತಳು. ಒಂದು ಕಾಲಿನ ಮೇಲೆ ಭಾರ ಕಡಿಮೆ ಹಾಕಿದ್ದು ಈಗ ಅವರಿಗೆ ಕಂಡಿತು. ಊರಿನ ಗಂಡಸರ ಮೈಯೆಲ್ಲ ಅಳೆದ ಆ ಕೈಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ.

ಅವಳು ತೋಳು ಸ್ವಲ್ಪ ಎತ್ತಿ, ಕನ್ನಡಿಯಲ್ಲಿ ಅವರನ್ನು ನೋಡದೆ, ಉಸಿರು ಬಿಗಿಹಿಡಿದು ನಿಂತಿದ್ದಳು. ಮಾಸ್ಟರು ಎಂದಿನ ಮಾತು ಹೇಳಲಿಲ್ಲ. ಟೇಪು ಹಿಡಿದುಕೊಂಡು, ಆ ಉಸಿರು ಹೊರಬರುವವರೆಗೆ ಸುಮ್ಮನೆ ಕಾದರು.